ಪಿಪಿಟಿಯಲ್ಲಿ ಗೆರೆ ಮಾಯ, ಬಾಣ ದಿಕ್ಕಾಪಾಲು: ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಪಾಂಡವಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ನಮ್ಮ ಭಾಗದ ನೀರಾವರಿ ಬಗ್ಗೆ ಮಕ್ಕಳಿಗೆ ಪವರ್‌ಪಾಯಿಂಟ್‌ನಲ್ಲಿ ಒಂದು ಚಿತ್ರ ಮಾಡಿದೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೆಆರ್‌ಎಸ್‌ಗೆ ಬರುತ್ತವೆ. ಅಲ್ಲಿಂದ ವಿಸಿ (ವಿಶ್ವೇಶ್ವರಯ್ಯ) ನಾಲೆ, ಹುಲಿಕೆರೆ ಸುರಂಗ, ಆಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ. ಇಷ್ಟನ್ನೂ ಬಾಕ್ಸು, ಬಾಣ ಹಾಕಿ ಒಂದೇ ಸ್ಲೈಡಿನಲ್ಲಿ ಕೂರಿಸಿದ್ದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಇತ್ತು. ಶಾಲೆಯ ಹಳೇ ಪ್ರೊಜೆಕ್ಟರ್‌ನಲ್ಲಿ ಹಾಕಿದರೆ ಅರ್ಧ ಗೆರೆಗಳು ಕಾಣಲೇ ಇಲ್ಲ. ಇನ್ನೊಂದು ಬಾಕ್ಸ್ ಸೇರಿಸೋಣ ಎಂದು ಕೆಆರ್‌ಎಸ್ ಬಾಕ್ಸನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ, ಬಾಣಗಳೆಲ್ಲ ಹಳೇ ಜಾಗದಲ್ಲೇ ನಿಂತವು. ಚಿತ್ರವನ್ನು ಸಹೋದ್ಯೋಗಿಯ ಫೈಲಿಗೆ ಪೇಸ್ಟ್ ಮಾಡಿದರೆ ನೀಲಿ ನಾಲೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಗ್ರೂಪ್ ಮಾಡಿ ಚಿಕ್ಕದು ಮಾಡಿದರೆ ಗೆರೆ ದಪ್ಪಗೆ ಉಳಿದು ಅಕ್ಷರ ಬಾಕ್ಸಿನಿಂದ ಆಚೆ ಬಂತು. ಒಬ್ಬರು ಹೊಸ ವರ್ಷನ್ ಹಾಕಿಸಿ ಅಂದರು. ಇನ್ನೊಬ್ಬರು ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿಬಿಡಿ ಅಂದರು. ಎಲ್ಲವನ್ನೂ ಮೊದಲಿನಿಂದ ಮಾಡಬೇಕಾ? ನನ್ನ ಕೈಯಲ್ಲಿ ಚಿತ್ರ ಬರುವುದಿಲ್ಲ ಎಂದು ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ಮೇಷ್ಟ್ರೇ. ನೀವು ಹೇಳಿದ ನಾಲ್ಕು ತೊಂದರೆಯಲ್ಲಿ ಒಂದಕ್ಕೂ ಚಿತ್ರ ಬರೆಯುವ ಕೈಗೂ ಸಂಬಂಧ ಇಲ್ಲ. ಮೈಸೂರಿನಲ್ಲಿ ನಾನು ಮಾಡುವ ಕೆಲಸವೇ ಬೇರೆಯವರ ಸ್ಲೈಡ್ ತಿದ್ದಿಕೊಡುವುದು. ಪಿಎಚ್‌ಡಿ ವೈವಾಗೆ ಹೋಗುವವರು, ಕಾಲೇಜು ಮೇಷ್ಟ್ರುಗಳು, ಬ್ಯಾಂಕಿನವರು, ಎಲ್ಲರೂ ತರುವ ದೂರು ಹೆಚ್ಚುಕಡಿಮೆ ಇದೇ. ಸರಸ್ವತಿಪುರಂ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕೇಳಿ ನೋಡಿ, ಅವರೂ ಇದನ್ನೇ ಹೇಳುತ್ತಾರೆ.

ಕಾರಣ ಸರಳ. ಗೆರೆಯ ದಪ್ಪ, ಬಣ್ಣ, ಅದರ ತುದಿ ಯಾವುದಕ್ಕೆ ಅಂಟಿದೆ, ಬಾಕ್ಸಿನೊಳಗೆ ಅಕ್ಷರ ಎಷ್ಟು ಜಾಗ ತಿನ್ನಬೇಕು, ಇದೆಲ್ಲವನ್ನೂ ಯಾರೋ ಒಬ್ಬರು ತೀರ್ಮಾನ ಮಾಡಬೇಕು. ನೀವು ಮಾಡದೆ ಬಿಟ್ಟರೆ ಸಾಫ್ಟ್‌ವೇರ್ ಸುಮ್ನೆ ಕೂರುವುದಿಲ್ಲ, ತಾನೇ ಮಾಡುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ತೀರ್ಮಾನ, ಸಹೋದ್ಯೋಗಿಯ ಫೈಲಿನಲ್ಲಿ ಇನ್ನೊಂದು. ನಿಮ್ಮ ನಾಲೆ ಕಿತ್ತಳೆ ಆಗಿದ್ದು ಹೀಗೆ.

ಮೊದಲು ನಿಮಗೆ ಸಿಕ್ಕ ಸಲಹೆಗಳನ್ನು ನೋಡೋಣ. ಹೊಸ ವರ್ಷನ್ ಬೇಕಾಗಿಲ್ಲ. ನಿಮ್ಮಲ್ಲಿರುವುದು 2013 ಅಥವಾ 2016 ಆಗಿದ್ದರೂ ನಾನು ಇಲ್ಲಿ ಹೇಳುವುದೆಲ್ಲ ಅದರಲ್ಲೇ ಇದೆ. ದುಡ್ಡು ಕೊಟ್ಟು ಹೊಸದು ಹಾಕಿಸಿದರೂ ಅಂಟಿಸದ ಬಾಣ ಅಂಟಿಸದ ಬಾಣವೇ. ಸ್ಕ್ರೀನ್‌ಶಾಟ್ ಕೆಲವು ಕಡೆ ಉಪಯೋಗಕ್ಕೆ ಬರುತ್ತದೆ, ಆದರೆ ಮಾಯವಾಗುವ ಗೆರೆ ಸ್ಕ್ರೀನ್‌ಶಾಟಿನಲ್ಲೂ ಮಾಯವೇ ಆಗುತ್ತದೆ. ಮೇಲಾಗಿ ಮುಂದಿನ ವರ್ಷ ಒಂದು ಊರಿನ ಹೆಸರು ಸೇರಿಸಬೇಕು ಅಂದರೆ ತಿದ್ದಲು ಏನೂ ಇರುವುದಿಲ್ಲ. ನುಡಿ ವಿಷಯ ಸ್ವಲ್ಪ ಉದ್ದ, ಆಮೇಲೆ ಹೇಳುತ್ತೇನೆ.

ಗೆರೆ ಯಾಕೆ ಮಾಯವಾಯಿತು? ಇಲ್ಲಿ ಒಂದು ಸಣ್ಣ ಲೆಕ್ಕ ಇದೆ, ಮಾಡಿಯೇ ಬಿಡೋಣ. ಪವರ್‌ಪಾಯಿಂಟ್‌ನಲ್ಲಿ ಗೆರೆಯ ದಪ್ಪವನ್ನು ಪಾಯಿಂಟ್‌ನಲ್ಲಿ ಅಳೆಯುತ್ತಾರೆ. 72 ಪಾಯಿಂಟ್ ಸೇರಿದರೆ ಒಂದು ಇಂಚು. 2013ರಿಂದ ಈಚೆಗೆ ಹೊಸ ಫೈಲ್ ತೆರೆದರೆ ಸ್ಲೈಡ್ ಅಗಲ 13.33 ಇಂಚು, ಅಂದರೆ 960 ಪಾಯಿಂಟ್. ನಿಮ್ಮ ಶಾಲೆಯ ಹಳೇ ಪ್ರೊಜೆಕ್ಟರ್ ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕೆ ಮೂಡಿಸುವ ಜಾತಿಯದ್ದು ಎಂದುಕೊಳ್ಳೋಣ, ಹಳೇ ಪ್ರೊಜೆಕ್ಟರ್‌ಗಳಲ್ಲಿ ಬಹಳಷ್ಟು ಹಾಗೇ. ಆಗ ಒಂದು ಪಾಯಿಂಟ್ ದಪ್ಪದ ಗೆರೆಗೆ ಸಿಗುವುದು ಹೆಚ್ಚುಕಡಿಮೆ ಒಂದೇ ಚುಕ್ಕೆ. 2013, 2016ರಲ್ಲಿ ಖಾಲಿ ಫೈಲಿನಲ್ಲಿ ಹೊಸ ಗೆರೆ ಎಳೆದರೆ ಅದರ ದಪ್ಪ ಅರ್ಧ ಪಾಯಿಂಟ್. ಅರ್ಧ ಚುಕ್ಕೆ ಎಂಬುದು ಪ್ರೊಜೆಕ್ಟರ್‌ಗೆ ಗೊತ್ತಿಲ್ಲ. ಒಂದು ಪೂರ್ತಿ ಚುಕ್ಕೆಯನ್ನೇ ಅರ್ಧ ಬಣ್ಣದಲ್ಲಿ, ಮಂಕಾಗಿ ತೋರಿಸುತ್ತದೆ. ತೆಳು ನೀಲಿ ಗೆರೆ, ಅದೂ ಮಂಕು, ಕಿಟಕಿ ತೆರೆದ ಕ್ಲಾಸ್‌ರೂಮು. ಇನ್ನೆಲ್ಲಿ ಕಾಣುತ್ತದೆ? ಮನೆಯ ಲ್ಯಾಪ್‌ಟಾಪಿನಲ್ಲಿ ಅಡ್ಡಕ್ಕೆ 1920 ಚುಕ್ಕೆ ಇದ್ದರೆ ಅದೇ ಅರ್ಧ ಪಾಯಿಂಟಿಗೆ ಒಂದು ಪೂರ್ತಿ ಚುಕ್ಕೆ ಸಿಗುತ್ತದೆ, ಅದಕ್ಕೇ ಅಲ್ಲಿ ಸರಿಯಾಗಿಯೇ ಇತ್ತು.

ಹಾಗಾಗಿ ಪ್ರೊಜೆಕ್ಟರ್‌ಗೆ ಹೋಗುವ ಯಾವ ಗೆರೆಯನ್ನೂ 2.25 ಪಾಯಿಂಟಿಗಿಂತ ಕಮ್ಮಿ ಇಡಬೇಡಿ. ಇದು ನನ್ನ ಅನುಭವದ ಅಳತೆ, ಪುಸ್ತಕದ್ದಲ್ಲ. ಗೆರೆ ಆರಿಸಿ, ಶೇಪ್ ಔಟ್‌ಲೈನ್ ಒತ್ತಿ, ವೇಟ್‌ಗೆ ಹೋದರೆ ಕಾಲು ಪಾಯಿಂಟಿನಿಂದ 6ರವರೆಗೆ ಪಟ್ಟಿ ಬರುತ್ತದೆ. ನಿಮ್ಮ ಚಿತ್ರಕ್ಕೆ ನಾನಾದರೆ ಹೀಗೆ ಮಾಡುತ್ತಿದ್ದೆ: ಮೂರು ನದಿಗಳಿಗೆ 6, ವಿಸಿ ನಾಲೆಗೆ 4.5, ಊರುಗಳ ಕಡೆ ಹೋಗುವ ಕವಲುಗಳಿಗೆ 2.25. ದಪ್ಪದಲ್ಲಿ ವ್ಯತ್ಯಾಸ ಇಡುವುದಾದರೆ ಕಣ್ಣಿಗೆ ಹೊಡೆಯುವ ಹಾಗೆ ಇಡಿ. 2.25ಕ್ಕೂ 3ಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಾಗಬಹುದು, ಹಿಂದಿನ ಬೆಂಚಿನ ಹುಡುಗನಿಗೆ ಗೊತ್ತಾಗುವುದಿಲ್ಲ.

ಹುಲಿಕೆರೆ ಸುರಂಗದ ಭಾಗವನ್ನು ಮಾತ್ರ ತುಂಡು ಗೆರೆಯಲ್ಲಿ ತೋರಿಸಿ. ನೀರು ನೆಲದಡಿ ಹೋಗುತ್ತದೆ ಎಂದು ಬಾಯಲ್ಲಿ ಹೇಳುವುದೇ ಬೇಡ, ಚಿತ್ರವೇ ಹೇಳುತ್ತದೆ. ಔಟ್‌ಲೈನ್ ಮೆನುವಿನಲ್ಲಿ ಡ್ಯಾಶಸ್ ಎಂದಿದೆ. ಅದರಲ್ಲಿ ಚುಕ್ಕಿ ಚುಕ್ಕಿಯಾಗಿರುವುದನ್ನು ಆರಿಸಬೇಡಿ, ತೆಳುವಾಗಿದ್ದರೆ ಧೂಳು ಬಿದ್ದ ಹಾಗೆ ಕಾಣುತ್ತದೆ. ಉದ್ದ ತುಂಡಿನದ್ದೇ ಇರಲಿ. ತುಂಡುಗಳ ಉದ್ದ ಗೆರೆಯ ದಪ್ಪದ ಜೊತೆಗೇ ಬೆಳೆಯುತ್ತದೆ, ಬಾಣದ ಮೂತಿಯೂ ಅಷ್ಟೇ. ಆದ್ದರಿಂದ ಮೊದಲು ದಪ್ಪ ಗೊತ್ತು ಮಾಡಿ, ಆಮೇಲೆ ಮೂತಿಯ ಅಳತೆಗೆ ಹೋಗಿ. 6 ಪಾಯಿಂಟಿನ ಗೆರೆಗೆ ದೊಡ್ಡ ಮೂತಿ ಕೊಟ್ಟರೆ ಪಕ್ಕದ ಬಾಕ್ಸನ್ನೇ ನುಂಗಿಬಿಡುತ್ತದೆ. ಫಾರ್ಮ್ಯಾಟ್ ಶೇಪ್ ಪಟ್ಟಿಯಲ್ಲಿ ಎಂಡ್ ಆ್ಯರೋ ಸೈಜ್ ಎಂದು ಬೇರೆಯೇ ಇದೆ, ಅಲ್ಲಿ ಚಿಕ್ಕದು ಮಾಡಿ. ಬಾಣ ಉಲ್ಟಾ ದಿಕ್ಕಿಗೆ ಬಂದಿದ್ದರೆ ಗೆರೆ ಅಳಿಸುವುದು ಬೇಡ. ಬಿಗಿನ್ ಆ್ಯರೋ ಮತ್ತು ಎಂಡ್ ಆ್ಯರೋ ಅದಲುಬದಲು ಮಾಡಿದರೆ ಹೇಮಾವತಿ ಮತ್ತೆ ಕೆಆರ್‌ಎಸ್ ಕಡೆಗೇ ಹರಿಯುತ್ತಾಳೆ.

ಇನ್ನೊಂದು ಮಾತು. ಅಗಲ ಸ್ಲೈಡನ್ನು ಆ ಹಳೇ ಪ್ರೊಜೆಕ್ಟರ್‌ಗೆ ಹಾಕಿದಾಗ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದಿರಬೇಕು, ಅಲ್ವಾ? 768 ಚುಕ್ಕೆಯ ಎತ್ತರದಲ್ಲಿ 576 ಮಾತ್ರ ಬಳಕೆಯಾಗಿ, ಕಾಲು ಭಾಗ ಪರದೆ ವ್ಯರ್ಥ. ಡಿಸೈನ್ ಟ್ಯಾಬಿನಲ್ಲಿ ಸ್ಲೈಡ್ ಸೈಜ್ ಎಂದಿದೆ, ಅಲ್ಲಿ 4:3 ಮಾಡಿಕೊಂಡರೆ ಸ್ಲೈಡ್ ಅಗಲ 10 ಇಂಚಿಗೆ ಇಳಿಯುತ್ತದೆ, ಅಂದರೆ 720 ಪಾಯಿಂಟ್. ಅದೇ 1024 ಚುಕ್ಕೆ ಈಗ 720ಕ್ಕೆ ಹಂಚಿಕೆಯಾಗುವುದರಿಂದ ಪ್ರತಿ ಗೆರೆಯೂ ಸ್ವಲ್ಪ ತುಂಬಿಕೊಳ್ಳುತ್ತದೆ, ಪರದೆಯೂ ತುಂಬುತ್ತದೆ. ಆದರೆ ಮುಂದೆ ಶಾಲೆಗೆ ಅಗಲದ ಸ್ಮಾರ್ಟ್ ಬೋರ್ಡ್ ಬಂದರೆ ಅಕ್ಕಪಕ್ಕ ಪಟ್ಟಿ ಬರುತ್ತದೆ. ಸದ್ಯಕ್ಕೆ ಆ ಪ್ರೊಜೆಕ್ಟರ್ ಒಂದೇ ಗತಿ ಎಂದಾದರೆ 4:3 ಮಾಡಿ. ಚಿತ್ರ ಶುರು ಮಾಡುವ ಮೊದಲೇ ಮಾಡಿದರೆ ಒಳ್ಳೆಯದು, ನಡುವೆ ಬದಲಿಸಿದರೆ ಸ್ವಲ್ಪ ಸರಿಪಡಿಸುವ ಕೆಲಸ ಇರುತ್ತದೆ. ಸೈಜ್ ಬದಲಿಸಿದರೆ ವೃತ್ತಗಳೆಲ್ಲ ಮೊಟ್ಟೆ ಆಕಾರಕ್ಕೆ ಎಳೆದುಕೊಳ್ಳುತ್ತವೆ ಎಂಬ ಹೆದರಿಕೆ 2010ರ ವರ್ಷನ್ ಬಳಸಿದವರದ್ದು. 2013ರಿಂದ ಅದು ಕೇಳಿಯೇ ಮುಂದೆ ಹೋಗುತ್ತದೆ. ಎನ್‌ಶೂರ್ ಫಿಟ್ ಒತ್ತಿದರೆ ಎಲ್ಲವೂ ಚಿಕ್ಕದಾಗಿ ಒಳಗೆ ಕೂರುತ್ತದೆ. ಮ್ಯಾಕ್ಸಿಮೈಸ್ ಒತ್ತಿದರೆ ಅಂಚಿನಲ್ಲಿದ್ದ ಮಳವಳ್ಳಿ ಸ್ಲೈಡಿನಿಂದ ಆಚೆ ಹೋಗಬಹುದು.

ಹಿನ್ನೆಲೆ ಬಿಳಿಯೇ ಇರಲಿ. ಕಪ್ಪು ಹಿನ್ನೆಲೆ ಲ್ಯಾಪ್‌ಟಾಪಿನಲ್ಲಿ ಚೆಂದ. ಪ್ರೊಜೆಕ್ಟರ್ ಕಪ್ಪು ಬೆಳಕನ್ನು ಬಿಡಲಾರದು, ಬೆಳಕು ಬೀಳದ ಜಾಗವೇ ಅದಕ್ಕೆ ಕಪ್ಪು. ಹಗಲು ಹೊತ್ತು ಕ್ಲಾಸಿನಲ್ಲಿ ಆ ಜಾಗ ಬೂದಿ ಬಣ್ಣಕ್ಕೆ ಬರುತ್ತದೆ.

ಈಗ ಬಾಣಗಳ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಎನಿಸಿದ್ದು ಇದೇ. ನೀವು ಬಾಣದ ತುದಿಯನ್ನು ಬಾಕ್ಸಿನ ಹತ್ತಿರ ಇಟ್ಟಿದ್ದೀರಿ, ಬಾಕ್ಸಿಗೆ ಕಟ್ಟಿಲ್ಲ. ಹಗ್ಗವನ್ನು ಗೂಟದ ಪಕ್ಕದಲ್ಲಿ ಬಿಟ್ಟ ಹಾಗೆ. ನೋಡುವುದಕ್ಕೆ ಕಟ್ಟಿದಂತೆಯೇ ಇರುತ್ತದೆ, ಗೂಟ ಕಿತ್ತು ಬೇರೆ ಕಡೆ ನೆಟ್ಟಾಗ ಬಂಡವಾಳ ಗೊತ್ತಾಗುತ್ತದೆ.

ಕಟ್ಟುವುದು ಹೀಗೆ. ಇನ್ಸರ್ಟ್, ಶೇಪ್ಸ್, ಅಲ್ಲಿ ಲೈನ್ಸ್ ಸಾಲಿನಿಂದ ಬಾಣ ಆರಿಸಿ. ಮೌಸನ್ನು ಕೆಆರ್‌ಎಸ್ ಬಾಕ್ಸಿನ ಮೇಲೆ ತನ್ನಿ, ಇನ್ನೂ ಒತ್ತಬೇಡಿ. ಬಾಕ್ಸಿನ ನಾಲ್ಕು ಬದಿಯ ನಡುವೆ ನಾಲ್ಕು ಬೂದು ಚುಕ್ಕೆ ಕಾಣುತ್ತವೆ. ಬಲಗಡೆಯ ಚುಕ್ಕೆಯ ಮೇಲೆ ಒತ್ತಿ, ಬಿಡದೆ ನಾಲೆಯ ಬಾಕ್ಸಿನವರೆಗೆ ಎಳೆಯಿರಿ. ಅಲ್ಲೂ ಚುಕ್ಕೆ ಕಾಣುತ್ತವೆ, ಎಡಗಡೆಯ ಚುಕ್ಕೆಯ ಮೇಲೆ ಬಿಡಿ. ಈಗ ಬಾಣದ ಮೇಲೆ ಒಮ್ಮೆ ಕ್ಲಿಕ್ ಮಾಡಿ ಎರಡು ತುದಿ ನೋಡಿ. ಹಸಿರು ಗುಂಡು ಇದ್ದರೆ ಅಂಟಿದೆ, ಬಿಳಿ ಇದ್ದರೆ ಅಂಟಿಲ್ಲ. ಇಷ್ಟೇ ಪರೀಕ್ಷೆ. ಒಂದು ತುದಿ ಹಸಿರು, ಇನ್ನೊಂದು ಬಿಳಿ ಇರುವ ಬಾಣಗಳು ಜಾಸ್ತಿ ಮೋಸ ಮಾಡುತ್ತವೆ, ಯಾಕೆಂದರೆ ಒಂದು ಬಾಕ್ಸ್ ಸರಿಸಿದಾಗ ಸರಿಯಾಗಿಯೇ ಬರುತ್ತವೆ.

ಈಗಾಗಲೇ ಎಳೆದ ಬಾಣಗಳನ್ನು ಅಳಿಸಬೇಕಿಲ್ಲ. ಬಿಳಿ ತುದಿಯನ್ನು ಹಿಡಿದು ಬಾಕ್ಸಿನ ಚುಕ್ಕೆಯ ಮೇಲೆ ತಂದು ಬಿಟ್ಟರೆ ಹಸಿರಾಗುತ್ತದೆ. ಅಂಟಿದ ಮೇಲೆ ಬಾಣದ ನಡುಮೈ ಹಿಡಿದು ಎಳೆಯಬೇಡಿ, ಎರಡೂ ತುದಿ ಕಿತ್ತುಕೊಳ್ಳುತ್ತವೆ. ಬಾಕ್ಸನ್ನು ಅಳಿಸಿ ಹೊಸದು ಇಟ್ಟರೂ ಬಾಣ ಅನಾಥ. ಆಯತದ ಬದಲು ಬೇರೆ ಆಕಾರ ಬೇಕಾದರೆ ಎಡಿಟ್ ಶೇಪ್ ಒಳಗೆ ಚೇಂಜ್ ಶೇಪ್ ಇದೆ. ಅಕ್ಷರ, ಬಣ್ಣ ಎಲ್ಲ ಹಾಗೇ ಉಳಿದು ಆಕಾರ ಮಾತ್ರ ಬದಲಾಗುತ್ತದೆ.

ಕಾವೇರಿಯನ್ನು ನೀವು ಅಂಕುಡೊಂಕಾಗಿ, ನಿಜವಾದ ನದಿಯ ಹಾಗೆ ಎಳೆದಿರಬಹುದು ಎಂದು ನನ್ನ ಊಹೆ. ಲೈನ್ಸ್ ಸಾಲಿನ ಕೊನೆಯ ಮೂರು, ಅಂದರೆ ಕರ್ವ್, ಫ್ರೀಫಾರ್ಮ್, ಸ್ಕ್ರಿಬಲ್, ಇವು ಕನೆಕ್ಟರ್ (ಬಾಕ್ಸಿಗೆ ಅಂಟುವ ಗೆರೆ) ಅಲ್ಲ. ಎಷ್ಟು ಪ್ರಯತ್ನಪಟ್ಟರೂ ಅವು ಅಂಟುವುದಿಲ್ಲ. ಅವುಗಳನ್ನು ಹಿನ್ನೆಲೆಯ ಚಿತ್ರವಾಗಿ ಬಿಟ್ಟು, ಮೇಲೆ ಬೇರೆ ಬಾಣ ಹಾಕುವುದು ಒಂದು ದಾರಿ. ಬಳುಕಿನ ಗೆರೆ ಬೇಕೇ ಬೇಕು, ಅಂಟಲೂ ಬೇಕು ಎಂದರೆ ಕರ್ವ್ಡ್ ಕನೆಕ್ಟರ್ ಎಂದು ಬೇರೆಯೇ ಇದೆ. ಅದು ಒಂದೆರಡು ಬಳುಕಿಗೆ ಸರಿ, ಕೊಡಗಿನಿಂದ ಬರುವ ಕಾವೇರಿಯ ಎಲ್ಲ ತಿರುವೂ ಅದರಲ್ಲಿ ಬರುವುದಿಲ್ಲ. ನಿಮ್ಮ ಪಾಠಕ್ಕೆ ಬೇಕಾಗಿರುವುದು ಎಲ್ಲಿಂದ ಎಲ್ಲಿಗೆ ಎಂಬುದು, ಭೂಪಟ ಅಲ್ಲ. ನೇರ ಬಾಣವೇ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಅಂಟಿಸಿದ ತಕ್ಷಣ ನಿಮಗೆ ಇನ್ನೊಂದು ಕಿರಿಕಿರಿ ಶುರುವಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬಾಣ ಒಂದು ಕೂದಲೆಳೆ ಸೊಟ್ಟಗೆ ಕಾಣುತ್ತದೆ. ಜನ ಆಗ ಬಾಣವನ್ನೇ ಹಿಡಿದು ನೇರ ಮಾಡಲು ಹೋಗುತ್ತಾರೆ, ಅಂಟು ಬಿಡಿಸಿಕೊಳ್ಳುತ್ತಾರೆ. ಸೊಟ್ಟ ಇರುವುದು ಬಾಣ ಅಲ್ಲ, ಬಾಕ್ಸ್. ಎರಡು ಬಾಕ್ಸಿನ ನಡುಬಿಂದು ಒಂದು ಮಿಲಿಮೀಟರ್ ಮೇಲೆ ಕೆಳಗೆ ಆಗಿರುತ್ತದೆ. ಎರಡನ್ನೂ ಆರಿಸಿ, ಅಲೈನ್ ಮೆನುವಿನಲ್ಲಿ ಅಲೈನ್ ಮಿಡಲ್ ಒತ್ತಿ. ಬಾಕ್ಸ್ ಸರಿಯಾದರೆ ಬಾಣ ತಾನೇ ನೆಟ್ಟಗಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ನಡುವಿನ ಅಂತರ ಸಮ ಮಾಡಲು ಅದೇ ಮೆನುವಿನಲ್ಲಿ ಡಿಸ್ಟ್ರಿಬ್ಯೂಟ್ ಇದೆ. ಯಾವುದಕ್ಕೂ ಅಂಟದ ಬಿಡಿ ಗೆರೆ ಸೊಟ್ಟ ಇದ್ದರೆ, ಸೈಜ್ ಪಟ್ಟಿಯಲ್ಲಿ ಅದರ ಎತ್ತರವನ್ನು 0 ಎಂದು ಟೈಪ್ ಮಾಡಿ, ಪೂರ್ತಿ ಅಡ್ಡಕ್ಕೆ ಮಲಗುತ್ತದೆ. ಹೊಸದಾಗಿ ಎಳೆಯುವಾಗ ಶಿಫ್ಟ್ ಒತ್ತಿ ಹಿಡಿದರೆ ಈ ಕೆಲಸವೇ ಬರುವುದಿಲ್ಲ.

ಬಣ್ಣ. ಬಣ್ಣದ ಮೆನು ತೆರೆದರೆ ಮೇಲೆ ದೊಡ್ಡ ಚೌಕಟ್ಟಿನಲ್ಲಿ ಥೀಮ್ ಕಲರ್ಸ್, ಕೆಳಗೆ ಒಂದೇ ಸಾಲಿನಲ್ಲಿ ಸ್ಟ್ಯಾಂಡರ್ಡ್ ಕಲರ್ಸ್ ಇರುತ್ತವೆ. ಮೇಲಿನದರಲ್ಲಿ ನೀಲಿ ಆರಿಸಿದರೆ ನೀವು ಆರಿಸಿದ್ದು ನೀಲಿಯನ್ನಲ್ಲ, ಈ ಫೈಲಿನ ಇಷ್ಟನೇ ನಂಬರ್ ಬಣ್ಣವನ್ನು. ಸಹೋದ್ಯೋಗಿಯ ಫೈಲಿನಲ್ಲಿ ಅದೇ ನಂಬರ್ ಕಿತ್ತಳೆ ಆಗಿತ್ತು, ಅಷ್ಟೇ. ಏನೂ ಆರಿಸದೆ ಸುಮ್ಮನೆ ಎಳೆದ ಗೆರೆಯೂ ಥೀಮ್ ಬಣ್ಣವನ್ನೇ ತೆಗೆದುಕೊಳ್ಳುತ್ತದೆ.

ಹಾಗಾದರೆ ಎಲ್ಲವನ್ನೂ ಕೆಳಗಿನ ಸಾಲಿನಿಂದ ಆರಿಸಬೇಕಾ? ಬೇಡ. ಕೆಳಗಿನ ಬಣ್ಣ ಎಲ್ಲಿ ಹೋದರೂ ಬದಲಾಗದು, ಅದೇ ಅದರ ಗುಣ, ಅದೇ ಅದರ ದೋಷ. ಸಹೋದ್ಯೋಗಿಯ ಸ್ಲೈಡಿಗೆ ಕಡುನೀಲಿ ಹಿನ್ನೆಲೆ ಇದ್ದರೆ ನಿಮ್ಮ ಕಡುನೀಲಿ ನಾಲೆ ಅದರಲ್ಲಿ ಮುಳುಗಿಹೋಗುತ್ತದೆ. ನಾನು ಪಾಲಿಸುವುದು ಹೀಗೆ: ಅರ್ಥ ಇರುವ ಬಣ್ಣವನ್ನು ಗಟ್ಟಿ ಮಾಡುತ್ತೇನೆ, ಅಲಂಕಾರದ ಬಣ್ಣವನ್ನು ಥೀಮ್‌ಗೆ ಬಿಡುತ್ತೇನೆ. ನೀರು ನೀಲಿ ಎನ್ನುವುದು ನಿಮ್ಮ ಪಾಠದ ಭಾಗ, ಅದು ಬದಲಾಗಬಾರದು. ತಾಲ್ಲೂಕಿನ ಬಾಕ್ಸ್ ಬೂದು ಆದರೇನು, ಹಸಿರು ಆದರೇನು. ಪೇಸ್ಟ್ ಮಾಡುವಾಗ ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್ ಒತ್ತುವುದೂ ಒಂದು ದಾರಿ. ಆದರೆ ಇಡೀ ಸ್ಲೈಡನ್ನೇ ಹಾಗೆ ಅಂಟಿಸಿದರೆ ನಿಮ್ಮ ಫೈಲಿನ ಡಿಸೈನ್ ಮಾಸ್ಟರ್, ಅಂದರೆ ಬಣ್ಣ, ಫಾಂಟ್, ಹಿನ್ನೆಲೆಯ ಮೂಲ ಅಚ್ಚು ಕೂಡ ಜೊತೆಗೆ ಹೋಗುತ್ತದೆ. ಹತ್ತು ಜನರಿಂದ ಹತ್ತು ಸ್ಲೈಡ್ ಹೀಗೆ ಸೇರಿಸಿದ ಫೈಲನ್ನು ತಿದ್ದುವ ಕಷ್ಟ ತಿದ್ದಿದವರಿಗೇ ಗೊತ್ತು.

ಗ್ರೂಪ್ ಮಾಡಿದರೆ ಎಲ್ಲವೂ ಗಟ್ಟಿಯಾಗುತ್ತದೆ ಎಂಬ ನಂಬಿಕೆ ತುಂಬ ಜನರಿಗಿದೆ. ಗ್ರೂಪ್ ಗಟ್ಟಿ ಮಾಡುವುದು ಯಾವುದು ಎಲ್ಲಿದೆ ಎಂಬುದನ್ನು ಮಾತ್ರ. ಗ್ರೂಪನ್ನು ಅರ್ಧಕ್ಕೆ ಇಳಿಸಿದರೆ ಬಾಕ್ಸು ಅರ್ಧ ಆಗುತ್ತದೆ, 4.5 ಪಾಯಿಂಟಿನ ಗೆರೆ 4.5 ಆಗಿಯೇ ಇರುತ್ತದೆ, 20ರ ಅಕ್ಷರ 20 ಆಗಿಯೇ ಇರುತ್ತದೆ. ನಿಮಗೆ ಆಗಿದ್ದು ಇದೇ. ಅನಿಮೇಷನ್ ಕೊಟ್ಟಮೇಲೆ ಗ್ರೂಪ್ ಮಾಡಿದರೆ ಬಿಡಿಬಿಡಿಯಾಗಿ ಕೊಟ್ಟ ಅನಿಮೇಷನ್ ಅಳಿಸಿಹೋಗುತ್ತದೆ, ಅದೂ ನೆನಪಿರಲಿ. ಚಿತ್ರವನ್ನು ಕೆಆರ್‌ಎಸ್ ಫೋಟೋ ಪಕ್ಕದಲ್ಲಿ ಚಿಕ್ಕದಾಗಿ ಇಡಬೇಕಾದಾಗ ಮಾತ್ರ ಸ್ಕ್ರೀನ್‌ಶಾಟ್ ಜಾತಿಯ ಉಪಾಯ ಕೆಲಸಕ್ಕೆ ಬರುತ್ತದೆ. ಎಲ್ಲ ಆರಿಸಿ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ಪಿಎನ್‌ಜಿ ಆರಿಸಿ. ಈಗ ಅದು ಚಿತ್ರ, ಗೆರೆ ಅಕ್ಷರ ಎಲ್ಲ ಒಟ್ಟಿಗೆ ಕುಗ್ಗುತ್ತವೆ. ಹಿಗ್ಗಿಸಿದರೆ ಮಾತ್ರ ಮಸುಕು. ಮೂಲ ಚಿತ್ರವನ್ನು ಅದೇ ಫೈಲಿನ ಕೊನೆಯಲ್ಲಿ ಒಂದು ಹೈಡ್ ಮಾಡಿದ ಸ್ಲೈಡಿನಲ್ಲಿ ಇಟ್ಟುಕೊಳ್ಳಿ.

ನೀವು ಕೇಳದೇ ಇದ್ದ ಒಂದು ವಿಷಯ, ನಿಮ್ಮ ಚಿತ್ರದಲ್ಲೂ ಇರಬಹುದು. ಮೂಲೆ ದುಂಡಗಿರುವ ಬಾಕ್ಸ್ ಬಳಸಿದರೆ ದೊಡ್ಡ ಬಾಕ್ಸಿನ ಮೂಲೆ ಜಾಸ್ತಿ ದುಂಡಗೆ, ಚಿಕ್ಕದರ ಮೂಲೆ ಕಮ್ಮಿ ದುಂಡಗೆ ಕಾಣುತ್ತದೆ. ಯಾಕೆಂದರೆ ಮೂಲೆಯ ದುಂಡು ಬಾಕ್ಸಿನ ಚಿಕ್ಕ ಬದಿಯ ಲೆಕ್ಕದಲ್ಲಿ ಬರುತ್ತದೆ, ಸುಮಾರು ಆರನೇ ಒಂದು ಭಾಗ. ಫಾರ್ಮ್ಯಾಟ್ ಪೇಂಟರ್ ಬಣ್ಣ, ಗೆರೆ ಎಲ್ಲ ನಕಲು ಮಾಡುತ್ತದೆ, ಇದನ್ನು ಮಾಡುವುದಿಲ್ಲ. ಬಾಕ್ಸ್ ಆರಿಸಿದಾಗ ಮೂಲೆಯ ಹತ್ತಿರ ಕಾಣುವ ಹಳದಿ ಗುಂಡು ಹಿಡಿದು ಕಣ್ಣಳತೆಯಲ್ಲಿ ಸರಿಮಾಡುತ್ತಾ ಕೂತರೆ ಸಂಜೆ ಆಗುತ್ತದೆ. ಒಂದು ಬಾಕ್ಸನ್ನು ಕಂಟ್ರೋಲ್ ಡಿ ಒತ್ತಿ ನಕಲು ಮಾಡಿ, ಎತ್ತರ ಮುಟ್ಟದೆ ಅಗಲ ಮಾತ್ರ ಬದಲಿಸಿ. ಚಿಕ್ಕ ಬದಿ ಎತ್ತರವೇ ಆಗಿರುವವರೆಗೆ ಎಲ್ಲ ಮೂಲೆಯೂ ಒಂದೇ ಥರ ಇರುತ್ತದೆ.

ನುಡಿಯ ವಿಷಯ. ನುಡಿಯ ಬಗ್ಗೆ ನನಗೆ ತಕರಾರಿಲ್ಲ, ಅದರಲ್ಲಿ ಯೂನಿಕೋಡ್‌ನಲ್ಲೂ ಟೈಪ್ ಮಾಡಬಹುದು. ಸಮಸ್ಯೆ ಅದರ ಹಳೇ ಆಸ್ಕಿ ಫಾಂಟ್‌ಗಳದ್ದು, ಅವು ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದಂಥವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕೆಆರ್‌ಎಸ್ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಯೂನಿಕೋಡ್ ಆದರೆ ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ. ಅಕ್ಷರದ ಅಗಲ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು ಅಷ್ಟೇ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಫಾಂಟ್ ಜೊತೆಗೇ ಬರುತ್ತದೆ, ಅದನ್ನು ಬಳಸಿದರೆ ತಾಪತ್ರಯ ಕಮ್ಮಿ. ಬೇರೆ ಚೆಂದದ ಫಾಂಟ್ ಬೇಕೆಂದರೆ ಫೈಲ್, ಆಪ್ಷನ್ಸ್, ಸೇವ್ ಒಳಗೆ ಫಾಂಟ್ ಎಂಬೆಡ್ ಮಾಡುವ, ಅಂದರೆ ಫೈಲಿನೊಳಗೇ ಸೇರಿಸುವ ಗುರುತು ಇದೆ. ಫೈಲ್ ದಪ್ಪ ಆಗುತ್ತದೆ, ಎಲ್ಲ ಫಾಂಟೂ ಅದಕ್ಕೆ ಒಪ್ಪುವುದಿಲ್ಲ.

ಕನ್ನಡಕ್ಕೆ ಬಾಕ್ಸಿನಲ್ಲಿ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬೇಕು. ಲಕ್ಷ್ಮಣತೀರ್ಥ ಎಂದು ಬರೆದು ನೋಡಿ, ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅಗಲವೂ ಬೇಕು. ಬಾಕ್ಸ್ ಸಾಲದೆ ಇದ್ದಾಗ ಶ್ರಿಂಕ್ ಟೆಕ್ಸ್ಟ್ ಆನ್ ಓವರ್‌ಫ್ಲೋ ಎಂಬುದು ಆನ್ ಇದ್ದರೆ ಪವರ್‌ಪಾಯಿಂಟ್ ತಾನೇ ಅಕ್ಷರ ಕುಗ್ಗಿಸುತ್ತದೆ. ಹೇಮಾವತಿ 20ರಲ್ಲಿ, ಲಕ್ಷ್ಮಣತೀರ್ಥ 16ರಲ್ಲಿ ಬಂದರೆ ಮಕ್ಕಳು ಅದು ಚಿಕ್ಕ ನದಿ ಎಂದುಕೊಳ್ಳುತ್ತಾರೆ. ಫಾರ್ಮ್ಯಾಟ್ ಶೇಪ್‌ನಲ್ಲಿ ಟೆಕ್ಸ್ಟ್ ಬಾಕ್ಸ್ ಭಾಗಕ್ಕೆ ಹೋಗಿ ಡು ನಾಟ್ ಆಟೋಫಿಟ್ ಮಾಡಿ. ಅಲ್ಲೇ ಕೆಳಗೆ ಒಳಗಿನ ಮಾರ್ಜಿನ್ ಇದೆ, ಎಡ ಬಲ 0.25 ಸೆಂಟಿಮೀಟರ್. ಅದನ್ನು 0.1ಕ್ಕೆ ಇಳಿಸಿದರೆ ಎಷ್ಟೋ ಸಲ ಹೆಸರು ಒಂದೇ ಸಾಲಿನಲ್ಲಿ ಕೂರುತ್ತದೆ. ಕೆಆರ್‌ಎಸ್ ಬಾಕ್ಸಿನಲ್ಲಿ ಡ್ಯಾಂನ ಗರಿಷ್ಠ ಮಟ್ಟ 124.80 ಅಡಿ ಎಂದು ಹಾಕಿದ್ದೀರಾ? ಹಾಕಿಲ್ಲದಿದ್ದರೆ ಹಾಕಿ, ದೊಡ್ಡ ಅಕ್ಷರದಲ್ಲೇ. ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ಡ್ಯಾಂ ಮಟ್ಟ ನೋಡುವ ಮನೆಗಳ ಮಕ್ಕಳು ಅವರು.

ಮೊದಲಿನಿಂದ ಮಾಡಬೇಕಾ ಎಂದು ಕೇಳಿದ್ದಿರಿ. ಬೇಕಿಲ್ಲ, ಆದರೆ ತಿದ್ದುವ ಕ್ರಮ ಮುಖ್ಯ. ಸ್ಲೈಡ್ ಸೈಜ್ ಮೊದಲು. ಆಮೇಲೆ ಬಾಕ್ಸುಗಳ ಅಳತೆ, ಸಾಲು. ಆಮೇಲೆ ಬಾಣ ಅಂಟಿಸುವುದು. ದಪ್ಪ, ಬಣ್ಣ ಕೊನೆಗೆ. ಒಂದು ಬಾಣವನ್ನು ಮನಸ್ಸಿಗೆ ಒಪ್ಪುವ ಹಾಗೆ ಸರಿಮಾಡಿ, ಫಾರ್ಮ್ಯಾಟ್ ಪೇಂಟರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಎಸ್ಕೇಪ್ ಒತ್ತುವವರೆಗೂ ಒಂದಾದ ಮೇಲೊಂದು ಬಾಣಕ್ಕೆ ಬಳಿಯುತ್ತಾ ಹೋಗಬಹುದು. ಅದೇ ಬಾಣದ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ ಆ್ಯಸ್ ಡಿಫಾಲ್ಟ್ ಲೈನ್ ಒತ್ತಿ. ಇನ್ನು ಮುಂದೆ ಈ ಫೈಲಿನಲ್ಲಿ ಎಳೆಯುವ ಗೆರೆಗಳೆಲ್ಲ ಹಾಗೇ ಬರುತ್ತವೆ. ಬಾಕ್ಸಿಗೆ ಬೇರೆ, ಸೆಟ್ ಆ್ಯಸ್ ಡಿಫಾಲ್ಟ್ ಶೇಪ್ ಎಂದು. ಈ ಎರಡೂ ಹಳೇ ಗೆರೆಗಳನ್ನು ಮುಟ್ಟುವುದಿಲ್ಲ, ಬೇರೆ ಫೈಲಿಗೂ ಹೋಗುವುದಿಲ್ಲ. ಪ್ರತಿ ಪಾಠಕ್ಕೂ ಬೇಕೆಂದರೆ ಎಲ್ಲ ಅಳಿಸಿದ ಒಂದು ಪ್ರತಿಯನ್ನು ಟೆಂಪ್ಲೇಟ್ ಆಗಿ ಸೇವ್ ಮಾಡಿಟ್ಟುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಆರಿಸಿ ದಪ್ಪ ಬದಲಿಸಲು ಹೋಗಬೇಡಿ, ಬಾಕ್ಸಿನ ಅಂಚೂ ದಪ್ಪ ಆಗುತ್ತದೆ. ಆಲ್ಟ್ ಜೊತೆ ಎಫ್ 10 ಒತ್ತಿದರೆ ಸ್ಲೈಡಿನಲ್ಲಿರುವ ಎಲ್ಲದರ ಪಟ್ಟಿ ಬರುತ್ತದೆ, ಅದರಲ್ಲಿ ಕನೆಕ್ಟರ್ ಎಂದು ಹೆಸರಿರುವುದನ್ನು ಮಾತ್ರ ಆರಿಸಿ.

ಶ್ಯಾಡೋ, ಗ್ಲೋ, ತ್ರೀಡಿ ಯಾವುದೂ ಬೇಡ. ಒಂದು ಕಂಪ್ಯೂಟರಿನಲ್ಲಿ ಕಂಡದ್ದು ಇನ್ನೊಂದು ಸಾಫ್ಟ್‌ವೇರಿನಲ್ಲಿ ಕಾಣದೇ ಹೋಗಬಹುದು. ಶಾಲೆಯ ಕಂಪ್ಯೂಟರಿನಲ್ಲಿ ಲಿಬ್ರೆಆಫೀಸ್ ಇದ್ದರೆ ನೇರ ಬಾಣಗಳಿಗೇ ಅಂಟಿಕೊಳ್ಳಿ, ಮೊಳಕೈ ಥರ ಮಡಚುವ ಮತ್ತು ಬಳುಕುವ ಕನೆಕ್ಟರ್‌ಗಳ ತಿರುವು ಅದರಲ್ಲಿ ಕೆಲವೊಮ್ಮೆ ಬೇರೆ ಕಡೆ ಹೋಗುತ್ತದೆ. ಅನಿಮೇಷನ್ ಒಂದೇ ಒಂದು ಕೊಡುವುದಾದರೆ ಬಾಣಗಳಿಗೆ ವೈಪ್ ಕೊಡಿ. ಎಡದಿಂದ ಬಲಕ್ಕೆ ಹೋಗುವ ಬಾಣಕ್ಕೆ ಫ್ರಮ್ ಲೆಫ್ಟ್, ಕೆಳಗೆ ಇಳಿಯುವುದಕ್ಕೆ ಫ್ರಮ್ ಟಾಪ್. ನೀರು ಹರಿದ ಹಾಗೇ ಕಾಣುತ್ತದೆ, ಮಕ್ಕಳಿಗೆ ಇಷ್ಟ ಆಗುತ್ತದೆ.

ಪೆನ್‌ಡ್ರೈವಿನಲ್ಲಿ ಪಿಪಿಟಿಯ ಜೊತೆ ಒಂದು ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಂಡು ಹೋಗಿ. ಫಾಂಟ್ ಕೈಕೊಟ್ಟರೂ, ಗೆರೆ ಜಾರಿದರೂ ಅದರಲ್ಲಿ ಎಲ್ಲ ಇದ್ದಲ್ಲೇ ಇರುತ್ತದೆ. ಅನಿಮೇಷನ್ ಮಾತ್ರ ಅದರಲ್ಲಿ ಬರುವುದಿಲ್ಲ, ಬಾಣಗಳೆಲ್ಲ ಒಟ್ಟಿಗೇ ಕಾಣುತ್ತವೆ. ಒಂದೊಂದಾಗಿಯೇ ತೋರಿಸಬೇಕು ಎಂದಿದ್ದರೆ ಸ್ಲೈಡನ್ನು ನಾಲ್ಕು ಸಲ ನಕಲು ಮಾಡಿ. ಮೊದಲನೆಯದರಲ್ಲಿ ನದಿಗಳಷ್ಟೇ ಇರಲಿ, ಎರಡನೆಯದಕ್ಕೆ ಕೆಆರ್‌ಎಸ್, ಮೂರನೆಯದಕ್ಕೆ ನಾಲೆ ಮತ್ತು ಸುರಂಗ, ಕೊನೆಯದಕ್ಕೆ ಊರುಗಳು ಸೇರಲಿ. ಆಮೇಲೆ ಪಿಡಿಎಫ್ ಮಾಡಿ.